ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗ

ಆಂಧ್ರದ ಕಲ್ಯಾಣದುರ್ಗದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯೊಂದರ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ನಾನು ಇಂಗ್ಲಿಷ್ ಟೀಚರಾಗಿ ಹೋದದ್ದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ. ನನ್ನ ಊರು ಹಿಂದೂಪುರ. ಹುಣಸೆಹಣ್ಣಿನ ಮಂಡಿಯ ಹಿಂದಿನ ಬೀದಿಯಲ್ಲಿ ಬೆಳೆದವಳು. ಹಳ್ಳಿಯವರಿಗಿಂತ ನಾಲ್ಕಕ್ಷರ ಹೆಚ್ಚು ಬಲ್ಲೆ ಎಂಬ ಜಂಬ ಆಗ ಧಾರಾಳವಾಗಿಯೇ ಇತ್ತು. ವಾರವೆಲ್ಲ ಕಲ್ಯಾಣದುರ್ಗದ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಸಂಜೆ ಊರಿಗೆ ಓಡುತ್ತಿದ್ದೆ.

ಬಸ್ಸಿಳಿದರೆ ಸ್ಕೂಲಿಗೆ ಒಂದು ಬಯಲು ಅಡ್ಡ. ಅದೂ ಸ್ಕೂಲಿನದೇ ಜಾಗ. ನಾನು ನೇರ ಅದರ ನಡುವೆ ನಡೆದು ಹೋಗುತ್ತಿದ್ದೆ. ಮಧ್ಯದಲ್ಲಿ ಆರು ಹೆಜ್ಜೆಯಷ್ಟು ದೂರ ನನ್ನ ಚಪ್ಪಲಿಯ ಸದ್ದು ಬದಲಾಗುತ್ತಿತ್ತು. ಗಟ್ಟಿ ನೆಲದ ಟಪಟಪ ಹೋಗಿ, ಒಳಗಿನಿಂದ ಯಾರೋ ಮೆಲ್ಲಗೆ ತಟ್ಟಿದ ಹಾಗೆ ಕೇಳುತ್ತಿತ್ತು. ಏನೋ ಮೆದು ಮಣ್ಣು ಅಂದುಕೊಂಡು ಸುಮ್ಮನಾದೆ.

ಹಿಂದೂಪುರದಲ್ಲಿ ನಡೆದ ಒಂದು ತರಬೇತಿಯಲ್ಲಿ ನಮಗೆ ಹೊಸ ಪಾಠ ಹೇಳಿಕೊಟ್ಟಿದ್ದರು: ಮಕ್ಕಳಿಗೆ ಇಂಗ್ಲಿಷ್ ಬಾಯಿಪಾಠ ಮಾಡಿಸಬೇಡಿ, ಚಿತ್ರ ಬರೆಸಿ, ನಕ್ಷೆ ಬರೆಸಿ, ಊರಿನ ಚರಿತ್ರೆ ಕೇಳಿಸಿ, ಮಾತು ತಾನಾಗಿ ಬರುತ್ತದೆ. ನನಗೆ ಅದು ಬಹಳ ಹಿಡಿಸಿತು. ಒಂಬತ್ತನೇ ತರಗತಿಯ ಮೂವತ್ತೊಂಬತ್ತು ಮಕ್ಕಳಿಗೆ ಹಳೆಯ ಕ್ಯಾಲೆಂಡರಿನ ಹಾಳೆ ಹಂಚಿ, ನಿಮ್ಮೂರಿನ ನಕ್ಷೆ ಬರೆಯಿರಿ, ಪ್ರತಿಯೊಂದಕ್ಕೂ ಇಂಗ್ಲಿಷಿನಲ್ಲಿ ಹೆಸರು ಬರೆಯಿರಿ ಎಂದೆ. ಟೆಂಪಲ್, ಟ್ಯಾಂಕ್, ಬಸ್ ಸ್ಟಾಪ್, ಟೀ ಶಾಪ್. ಒಬ್ಬರ ಹಾಳೆ ಇನ್ನೊಬ್ಬರು ನೋಡಬಾರದು ಎಂದು ದೂರ ದೂರ ಕೂರಿಸಿದೆ.

ಅವುಗಳನ್ನು ಊರಿಗೆ ಒಯ್ದು ಭಾನುವಾರ ಹಗಲು ತಿದ್ದುತ್ತ ಕೂತವಳು ಎಲ್ಲ ಹಾಳೆಗಳನ್ನೂ ನೆಲದ ಮೇಲೆ ಹರಡಿಕೊಂಡೆ. ಮೂವತ್ತೊಂಬತ್ತು ನಕ್ಷೆಯಲ್ಲೂ ಬಸ್ ಸ್ಟಾಪಿನಿಂದ ಸ್ಕೂಲಿಗೆ ಬರುವ ದಾರಿ ಬಯಲಿನ ನಡುವೆ ಸೊಟ್ಟಗೆ ಬಾಗಿ, ಒಂದು ಗುಂಡಗಿನ ಖಾಲಿ ಜಾಗವನ್ನು ಸುತ್ತಿ ಮುಂದೆ ಹೋಗಿತ್ತು. ಅಲ್ಲಿ ಗಿಡವಿಲ್ಲ, ಬಂಡೆಯಿಲ್ಲ, ನನ್ನ ಕಣ್ಣಿಗೆ ಬಿದ್ದಂಥದ್ದು ಏನೂ ಇಲ್ಲ. ಬೇರೆ ಬೇರೆ ಕೇರಿಯ ಮಕ್ಕಳ ನಕ್ಷೆಯಲ್ಲಿ ಒಂದಕ್ಕೊಂದು ಹೊಂದದ ಗುಡಿಗಳಿದ್ದವು, ಕೆರೆಗಳಿದ್ದವು. ಆ ಬಾಗು ಮಾತ್ರ ಎಲ್ಲದರಲ್ಲೂ ಒಂದೇ.

ಒಂದು ಹಾಳೆ ಮಾತ್ರ ಬೇರೆ. ಸ್ಕೂಲಿನಲ್ಲಿ ಮಧ್ಯಾಹ್ನದ ಅಡುಗೆ ಮಾಡುವಾಕೆಯ ಮಗಳದು. ಆ ಖಾಲಿ ಜಾಗದೊಳಗೆ ಅವಳು ತನ್ನದೇ ಹೆಸರು ಬರೆದಿದ್ದಳು. ಮನೆ ಗುರುತಿಸಲು ಬರದ ಪೆದ್ದಿ ಎಂದುಕೊಂಡು ಅದಕ್ಕೆ ಕೆಂಪು ಶಾಯಿಯಲ್ಲಿ ಅಡ್ಡ ಗೀಟು ಎಳೆದೆ. ಸೋಮವಾರ ಅವಳನ್ನು ಕರೆದು, "ನಿನ್ನ ಮನೆ ಇಲ್ಲಿದೆಯೇನಮ್ಮ?" ಎಂದು ಕೇಳಿ, ಅವಳ ಎದುರಿಗೇ ರಬ್ಬರಿನಿಂದ ಹೆಸರು ಉಜ್ಜಿದೆ. ಅವಳು ಅಳಲಿಲ್ಲ. ರಬ್ಬರಿನ ಪುಡಿಯನ್ನು ಅಂಗೈಗೆ ಬಳಿದುಕೊಂಡು ಹೋದಳು. ಇವತ್ತಿಗೂ ಆ ನೆನಪು ಬಂದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಅಲ್ಲಿ ಏನಿದೆ ಎಂದು ಕ್ಲಾಸಿನಲ್ಲಿ ಕೇಳಿದೆ. ಮಾತಿನಮಲ್ಲರೆಲ್ಲ ಡೆಸ್ಕು ನೋಡತೊಡಗಿದರು. ಮನೆಯಲ್ಲಿ ಹಿರಿಯರನ್ನು ಕೇಳಿ ಬನ್ನಿ, ಇದೇ ನಿಮ್ಮ ಚರಿತ್ರೆಯ ಪಾಠ ಎಂದೆ. ಹಳೇ ಚಾವಡಿಯ ಕಥೆ ಬಂತು, ಬಿದ್ದ ಬುರುಜಿನ ಕಥೆ ಬಂತು. ಆ ಬಯಲಿನ ಸುದ್ದಿ ಒಬ್ಬರೂ ತರಲಿಲ್ಲ. ಆಮೇಲೆ ನಾನು ಗಮನಿಸತೊಡಗಿದೆ. ಎತ್ತಿನ ಗಾಡಿಗಳು ಅಲ್ಲಿ ಬಳಸಿಕೊಂಡು ಹೋಗುತ್ತಿದ್ದವು. ಹುಡುಗರ ಚೆಂಡು ಒಳಗೆ ಬಿದ್ದರೆ ಅಂಚಿನಲ್ಲಿ ನಿಂತು ಉದ್ದನೆಯ ಕೋಲಿನಿಂದ ಎಳೆದುಕೊಳ್ಳುತ್ತಿದ್ದರು. ಆರು ತಿಂಗಳಿಂದ ಅಲ್ಲಿ ಕಾಲಿಟ್ಟವಳು ನಾನೊಬ್ಬಳೇ, ಅದನ್ನು ಇಡೀ ಊರು ಬಾಯಿಮುಚ್ಚಿಕೊಂಡು ನೋಡಿದೆ ಎಂದು ಒಂದು ದಿನ ಹೊಳೆಯಿತು.

ಅಷ್ಟರಲ್ಲಿ ಸ್ಕೂಲಿಗೆ ಹೊಸ ಕೋಣೆ ಮಂಜೂರಾಯಿತು. ಒಂದು ಬೆಳಗ್ಗೆ ಇಂಜಿನಿಯರು ಬಂದು, ಸರಿಯಾಗಿ ಆ ಜಾಗದ ಮೇಲೆಯೇ ಸುಣ್ಣದ ಪುಡಿಯಲ್ಲಿ ಪಾಯದ ಗೆರೆ ಹಾಕಿಸಲು ನಿಂತರು. ನಮ್ಮ ಹೆಡ್‌ಮಾಸ್ಟರೂ ನನ್ನ ಹಾಗೆ ಪರ ಊರಿನವರು, ಖುಷಿಯಾಗಿದ್ದರು. ಊರಿನ ಮೇಸ್ತ್ರಿ ಮಾತ್ರ ಸುಣ್ಣದ ಬುಟ್ಟಿ ಹಿಡಿದವನು ಅಂಚಿನಲ್ಲೇ ನಿಂತುಬಿಟ್ಟ.

"ಇಕ್ಕಡ ವದ್ದು ಸಾರ್," ಎಂದ ತೆಲುಗಿನಲ್ಲಿ, ಇಲ್ಲಿ ಬೇಡ ಎಂದು. ನನ್ನ ಕಡೆ ತಿರುಗಿ, "ಆ ಕಡೀಕ್ ಕಟ್ಕಂಬೋದಲ್ವ್ರಾ ಮೇಡಂ," ಎಂದ.

ಕಾರಣ ಹೇಳು ಎಂದರು ಇಂಜಿನಿಯರು. ಅವನು ತಲೆ ತಗ್ಗಿಸಿದ. ಸುತ್ತ ಸೇರಿದ್ದ ಹತ್ತಿಪ್ಪತ್ತು ಜನರೂ ತಲೆ ತಗ್ಗಿಸಿದರು. ಕಾರಣವಿಲ್ಲದೆ ಪ್ಲಾನ್ ಬದಲಾಯಿಸಲು ಆಗದು, ಇವತ್ತು ಗೆರೆ ಬಿದ್ದರೆ ನಾಳೆ ಜೆಸಿಬಿ ಬರುತ್ತದೆ ಎಂದು ಅವರು ಗಡಿಯಾರ ನೋಡಿಕೊಂಡರು. ಅಡುಗೆ ಚಪ್ಪರದ ಕೆಳಗೆ ಆ ಹುಡುಗಿಯ ತಾಯಿ ಸೌಟು ಹಿಡಿದು ನಿಂತಿದ್ದಳು. ಜನರೆಲ್ಲ ಅವಳನ್ನು ನೋಡದಿರಲು ಪಡುತ್ತಿದ್ದ ಪಾಡು ನನಗೆ ಕಂಡಿತು.

ಆಗ ಹುಡುಗಿ ಕ್ಲಾಸಿನಿಂದ ಹೊರಗೆ ಬಂದಳು. ಕೈಯಲ್ಲಿ ಅದೇ ಕ್ಯಾಲೆಂಡರ್ ಹಾಳೆ. ನಾನು ಉಜ್ಜಿದ ಜಾಗದಲ್ಲಿ ಹೆಸರನ್ನು ಮತ್ತೆ ಬರೆದಿದ್ದಳು. ಇಂಜಿನಿಯರ ಮುಂದೆ ಅದನ್ನು ಹಿಡಿದು, ನಾನು ನಕ್ಷೆ ಓದಲು ಕಲಿಸಿದ ಹಾಗೆಯೇ ಬೆರಳಿಟ್ಟು ಹೇಳಿದಳು: "ಸರ್, ದಿಸ್ ಈಸ್ ಎ ವೆಲ್. ಮೈ ಸಿಸ್ಟರ್ ಈಸ್ ಇನ್‌ಸೈಡ್. ಮೈ ನೇಮ್ ಈಸ್ ಹರ್ ನೇಮ್."

ಜನರಲ್ಲಿ ಅರ್ಧ ಮಂದಿಗೆ ಅದು ತಿಳಿಯಲಿಲ್ಲ. ಇಂಜಿನಿಯರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಗೂಟ ಕೀಳಿಸಿ ಬಯಲಿನ ಆಚೆ ತುದಿಗೆ ನಡೆದರು. ನನ್ನ ಕಾಲು ಮಾತ್ರ ಕೀಳಲು ಬರಲಿಲ್ಲ. ಆರು ಹೆಜ್ಜೆ, ದಿನಕ್ಕೆ ಎರಡು ಸಲ.

ಆಮೇಲೆ ತಿಳಿದದ್ದು ಇಷ್ಟು. ಅಲ್ಲಿ ಆಳವಾದ ಹಳೇ ಬಾವಿಯಿತ್ತು. ಈ ಹುಡುಗಿ ಹುಟ್ಟುವ ಮೊದಲು ಅವಳ ಅಕ್ಕ ನೀರು ತರಲು ಹೋಗಿ ಬಿದ್ದಳು. ಕೆಸರಿನಲ್ಲಿ ಎಷ್ಟು ಹುಡುಕಿದರೂ ದೇಹ ಸಿಗಲಿಲ್ಲ. ಊರವರು ಮಣ್ಣು ತುಂಬಿ ಮುಚ್ಚಿದರು. ತಾಯಿಯ ಕಿವಿಗೆ ಬೀಳಬಾರದೆಂದು ಆ ಬಾವಿಯ ಮಾತನ್ನು ಕನ್ನಡದಲ್ಲೂ ತೆಲುಗಿನಲ್ಲೂ ಆಡುವುದನ್ನೇ ಬಿಟ್ಟರು. ಎರಡನೆಯವಳು ಹುಟ್ಟಿದಾಗ ಮೊದಲನೆಯವಳ ಹೆಸರನ್ನೇ ಇಟ್ಟರು. ಹುಡುಗಿಗೆ ಯಾರೂ ಬೇಡವೆನ್ನದ ಮಾತು ಇಂಗ್ಲಿಷ್ ಒಂದೇ ಉಳಿದಿತ್ತು.

ಅಂದು ಊಟದ ಗಂಟೆ ಮುಗಿದ ಮೇಲೆ ತಾಯಿ ನನ್ನ ಬಳಿ ಬಂದಳು. ಕೈ ಇನ್ನೂ ಒದ್ದೆಯಿತ್ತು.

"ನನ್ ಮಗ್ಳು ಏನಂದ್ಲು ಟೀಚರಮ್ಮ?"

ನಾನು ಕನ್ನಡದಲ್ಲಿ ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ನಮ್ ಮಾತ್ನಾಗೆ ಬ್ಯಾಡ ಕಣಮ್ಮ. ಅವ್ಳು ಹೇಳ್ದಂಗೇ ಹೇಳಿ. ನಾನೂ ಅಂಗೇ ಅಂತೀನಿ. ಸಿಸ್ಟರ್ ಅಂದಿದ್ದು ಕೇಳುಸ್ತು. ನಂಗೆ ಅವ್ಳು ತಂಗಿ ಅಲ್ಲ, ಅಕ್ಕ ಅಲ್ಲ. ಮಗ್ಳು ಅನ್ನಾಕೆ ಏನಂತಾರೆ?"

"ಡಾಟರ್," ಎಂದೆ. ಇಡೀ ವಾಕ್ಯವನ್ನು ನಾಲ್ಕು ಸಲ ಹೇಳಿಸಿದೆ. ಅವಳು ನಾಲಿಗೆ ತಡವರಿಸಿದಾಗಲೆಲ್ಲ ಮೊದಲಿನಿಂದ ಶುರುಮಾಡಿದಳು. ಕಲಿತ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಯಲಿನ ಕಡೆ ಹೊರಟಳು.

ನಾನು ಕ್ಲಾಸಿಗೆ ಹೋಗಿ ಮಧ್ಯಾಹ್ನದ ಹಾಜರಿ ತೆಗೆದೆ. ಕಿಟಕಿಯಾಚೆ ಆ ಖಾಲಿ ಜಾಗದ ಅಂಚಿನಲ್ಲಿ ತಾಯಿ ನಿಂತು, ನೆಲಕ್ಕೆ ಬಾಗಿ, "ಮೈ ಡಾಟರ್ ಈಸ್ ಇನ್‌ಸೈಡ್," ಎಂದು ಒಪ್ಪಿಸುತ್ತಿದ್ದುದು ಕೇಳುತ್ತಿತ್ತು. ಹುಡುಗಿಯ ಹೆಸರು ಬಂತು, ಕೂಗಿದೆ. "ಪ್ರೆಸೆಂಟ್ ಮೇಡಂ," ಎಂದಳು ಅವಳು.

ಗುರುತು ಹಾಕಿಕೊಂಡೆ. ಮುಂದಿನ ಹೆಸರಿಗೆ ಹೋಗುವ ಮೊದಲು, ಅದೇ ಹೆಸರಿನ ಇನ್ನೊಬ್ಬಳಿಗಾಗಿ ಸ್ವಲ್ಪ ಹೊತ್ತು ಕಾದೆ. ಮೂವತ್ತೊಂಬತ್ತು ಮಕ್ಕಳೂ ಬಯಲಿನ ಕಡೆ ಕಿವಿಯಿಟ್ಟು ನನ್ನ ಜೊತೆ ಕಾದರು.