ಮುಜಮ್ಮಿಲ್ ಭಾಯ್ ಎರಡು ಸಲ ಬಿಗಿದ ನಟ್ಟು

ಚನ್ನಗಿರಿಯ ಸಂತೇಬೆನ್ನೂರು ರಸ್ತೆಯಲ್ಲಿ ನನ್ನ ಜೆರಾಕ್ಸ್ ಅಂಗಡಿಗೆ ಒತ್ತಿಕೊಂಡೇ ಮುಜಮ್ಮಿಲ್ ಭಾಯ್ ಅವರ ಗ್ಯಾರೇಜು. ಹರೆಯದಿಂದಲೂ ಟ್ರ್ಯಾಕ್ಟರ್‌ಗಳ ಹೊಟ್ಟೆ ಬಗೆದವರು. ಹೋದ ವರ್ಷ ಜಾಕ್ ಜಾರಿ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡರೂ ಗಿರಾಕಿಗಳು ವಾಪಸ್ ಬರಲಿಲ್ಲ. ‘ಪಾಪ, ಕೈ ಹೋಗೈತೆ’ ಎಂದು ಊರೇ ಮರುಗಿತು; ಮರುಗುತ್ತಲೇ ಟ್ರ್ಯಾಕ್ಟರ್‌ಗಳನ್ನು ಬೇರೆ ಕಡೆ ಒಯ್ದು, ಭಾಯ್ ಹತ್ತಿರ ಪಂಕ್ಚರ್ ಮಾತ್ರ ಹಾಕಿಸಿತು.

ಆಗ ಅಡಿಕೆ ವ್ಯಾಪಾರಿ ಪ್ರಸನ್ನಕುಮಾರ್ ಎಲ್ಲಿಂದಲೋ ಒಂದು ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟು, ತಲೆ ಮೇಲೆ ಸೂರಿಲ್ಲ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಬೀದಿನಾಯಿಗಳು ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದವು. ಇಂಜಿನ್ ರಿಪೇರಿಗೆಂದು ದಾವಣಗೆರೆ ಸೇರಿತ್ತು. ಮುಂದಿನ ಚಕ್ರಗಳ ಸಸ್ಪೆನ್ಷನ್ ಬಿಡಿಬಿಡಿಯಾಗಿ ಗೋಣಿಚೀಲದಲ್ಲಿತ್ತು.

“ನಾನು ಜೋಡಿಸ್ತೀನ್ರಿ ಸಾವ್ಕಾರ್ರೆ” ಎಂದರು ಭಾಯ್.

“ಕೈ?”

“ಕೈ ನಂದು. ಚಿಂತೆ ನಿಮಗ್ಯಾಕೆ?”

“ಶನಿವಾರ ನಮ್ಮ ಅಡಿಕೆ ಲಾರಿ ಬೆಂಗಳೂರಿಗೆ ಹೊಂಟೈತೆ. ಅಷ್ಟರಾಗೆ ಆಗ್ಲಿಲ್ಲ ಅಂದ್ರೆ ಕಾರು ಹತ್ತಿಸಿ ಅಲ್ಲಿನ ಗ್ಯಾರೇಜಿಗೇ ಕಳಿಸ್ತೀನಿ, ನೋಡ್ರಿ.”

ಇದೊಂದು ತಪ್ಪಿದರೆ ಉಳಿದ ಆಯುಷ್ಯವೆಲ್ಲ ಪಂಕ್ಚರ್ ಎಂಬುದು ಭಾಯ್‌ಗೂ ಗೊತ್ತಿತ್ತು, ಬೀದಿಗೂ ಗೊತ್ತಿತ್ತು.

ಕಷ್ಟವೆಲ್ಲ ಸ್ಪ್ರಿಂಗ್ ಕೂರಿಸುವುದರಲ್ಲಿ. ಒತ್ತಿ ಹಿಡಿದ ಸ್ಪ್ರಿಂಗ್ ಚಿಮ್ಮಿದರೆ ಹಲ್ಲು ಉಳಿಯುವುದಿಲ್ಲ. ಭಾಯ್ ಉದ್ದನೆಯ ಎರಡು ಬೋಲ್ಟ್ ಹಾಕಿ, ಎಡಗೈಯಲ್ಲಿ ನಟ್ ತಿರುಗಿಸುತ್ತ ತಿರುಗಿಸುತ್ತ ಅದನ್ನು ಇಷ್ಟಿಷ್ಟೇ ಮೇಲೆಳೆದರು. ನಾನು ದೂರ ನಿಂತು ಧೈರ್ಯ ತುಂಬಿದೆ. ಧೈರ್ಯ ತುಂಬುವವರು ದೂರ ನಿಲ್ಲುವುದೇ ಪದ್ಧತಿ.

ಶನಿವಾರ ಕಾರನ್ನು ಜಾಕ್‌ನಿಂದ ಇಳಿಸಿದರೆ, ಅದು ಮುನಿಸಿಕೊಂಡ ಬೀಗರ ಹಾಗೆ ಮೂತಿ ಮೇಲೆತ್ತಿ ನಿಂತಿತು. ಪ್ರಸನ್ನಕುಮಾರ್ ಹೊರಗೆ ನಿಂತಿದ್ದ ಲಾರಿಯ ಕಡೆ ಕೈ ಬೀಸಿದರು. ಭಾಯ್ ಅಡಿಯಲ್ಲಿ ತೂರಿ, ನೋಡಿ, ಎದ್ದು ಬಂದರು.

“ಇಂಜಿನ್ ಇಲ್ಲ, ಮೂತಿ ಏಳ್ತೈತೆ. ಅದು ಬಿಡ್ರಿ. ಒಳಗಿನ ರಬ್ಬರ್ ಬುಷ್ ತಿರುಚ್ಕೊಂಡೈತೆ, ಅದು ನನ್ ತಪ್ಪು. ಟ್ರ್ಯಾಕ್ಟರ್ ಚಾಳಿ ನೋಡ್ರಿ, ಜಾಕ್ ಮ್ಯಾಲೆ ಇದ್ದಾಗಲೇ ನಟ್ ಬಿಗಿದೆ. ಇದನ್ನ ಗಾಡಿ ಭಾರ ಚಕ್ರದ ಮ್ಯಾಲೆ ಕೂತಾಗ ಬಿಗೀಬೇಕು.”

“ಇಂಜಿನ್ನೇ ಇಲ್ಲ, ಭಾರ ಎಲ್ಲಿಂದ ತರ್ತೀರಿ?”

“ನಿಮ್ ಲಾರಿಯಿಂದ.”

ಇಂಜಿನ್ ಜಾಗದ ಮೇಲೆ ಹಲಗೆ ಬಿತ್ತು, ಹಲಗೆಯ ಮೇಲೆ ಎರಡು ಅಡಿಕೆ ಚೀಲ. ಮೂರನೆಯದಕ್ಕೆ ಜಾಗವಿಲ್ಲ, ಎರಡರ ಭಾರ ಸಾಲದು. ಭಾಯ್ ಸುತ್ತ ನೋಡಿದರು. ನಾನು ಅಂಗಡಿ ಕಡೆ ತಿರುಗಿದೆ.

“ಜೆರಾಕ್ಸ್ ಸಾರ್, ಚೀಲದ ಮ್ಯಾಲೆ ಹತ್ರಿ.”

“ಡಯಟ್ ಮಾಡಾಕೆ ಶುರು ಮಾಡೀನಿ ಭಾಯ್.”

“ಇನ್ನೂ ಗೊತ್ತಾಗ್ತಿಲ್ಲ. ಬೇಗ ಬರ್ರಿ.”

ಹತ್ತಿದೆ. ಕಾರು ಸೌಜನ್ಯದಿಂದ ತಲೆ ಬಾಗಿಸಿತು. ಲಾರಿ ಹಮಾಲರು ಚಪ್ಪಾಳೆ ತಟ್ಟಿದರು. ಕೆಳಗೆ ಭಾಯ್ ಬಲಗಡೆಯ ನಟ್‌ಗಳನ್ನು ಸಡಿಲಿಸುತ್ತಲೇ ‘ಟಕ್’ ಎಂದಿತು; ತಿರುಚಿದ ರಬ್ಬರ್ ನೆಟ್ಟಗಾಗಿತ್ತು. ಇನ್ನು ಬಿಗಿಯಬೇಕು. ಸಡಿಲಿಸಲು ಸಾಕಾಗಿದ್ದ ಎಡಗೈಗೆ ಆ ಮೂಲೆಯಲ್ಲಿ ಬಿಗಿಯುವಷ್ಟು ಪಟ್ಟು ಸಿಗುತ್ತಿಲ್ಲ. ಭಾಯ್ ಸ್ಪ್ಯಾನರ್ ಬಲಗೈಗೆ ಬದಲಾಯಿಸಿದರು.

“ನಾನು ಕೈ ಹಾಕ್ಲಾ?” ಪ್ರಸನ್ನಕುಮಾರ್ ಬಗ್ಗಿದರು.

“ಮುಟ್ಟಬ್ಯಾಡ್ರಿ.”

ನಾನು ಅಲುಗಾಡದೆ ಕೂತೆ. ಜೀವನದಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಅದೊಂದೇ. ಸ್ಪ್ಯಾನರ್ ಕಿರುಗುಟ್ಟಿತು, ಒಂದಿಷ್ಟು ತಿರುಗಿತು, ನಿಂತಿತು. ಮತ್ತೆ ತಿರುಗಿತು. ಆಮೇಲೆ ಎಷ್ಟು ಎಳೆದರೂ ಕದಲಲಿಲ್ಲ.

ಪ್ರಸನ್ನಕುಮಾರ್ ಬಿಳಿ ಅಂಗಿ ಸಮೇತ ನೆಲಕ್ಕೆ ಮಲಗಿ ಟಾರ್ಚ್ ಹಾಕಿ ನೋಡಿದರು. ರಬ್ಬರ್ ನೆಟ್ಟಗೇ ಇತ್ತು. ಲಾರಿ ಡ್ರೈವರ್ ಹಾರ್ನ್ ಹೊಡೆದು, “ಕಾರು ಹತ್ತಿಸೋದೇನ್ರಿ?” ಎಂದು ಕೂಗಿದ.

“ನೀ ಹೋಗಪ್ಪ” ಎಂದರು ಪ್ರಸನ್ನಕುಮಾರ್, ಮಲಗಿದಲ್ಲಿಂದಲೇ. “ಇಂಜಿನ್ ಬಂದ ಮ್ಯಾಲೆ ಅದನ್ನೂ ಭಾಯೇ ಕೂರಿಸ್ತಾರೆ.”

ನಾನು ಸಮಾಧಾನದಿಂದ ಒಂದು ಕಾಲು ಕೆಳಗಿಟ್ಟೆ.

“ಇಳೀಬ್ಯಾಡ್ರಿ ಸಾರ್!” ಕಾರಿನಡಿಯಿಂದ ಭಾಯ್ ಗದರಿದರು. “ಎಡಗಡೆ ಬಾಕಿ ಐತೆ.”