ಬಲಕ್ಕೆ ಬರೆದ ಬಾಣ

ಎಸ್.ಎಸ್. ಬಡಾವಣೆಯಲ್ಲಿ ಕಟ್ಟುತ್ತಿರುವ ಮನೆಯೊಂದರ ಮುಂದೆ ಮೊನ್ನೆ ಹಾದುಹೋಗುವಾಗ, ಕಲ್ಲು ಕೊಯ್ಯುವ ಯಂತ್ರದ ಕಡೆಯಿಂದ ಹಸಿ ಕಲ್ಲುಪುಡಿಯ ವಾಸನೆ ಬಂತು. ಹಿಂದೆ ನನ್ನ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರ ಅಂಗಿಯಿಂದಲೂ ಅದೇ ವಾಸನೆ ಬರುತ್ತಿತ್ತು...

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಭೂವಿಜ್ಞಾನ ಕಲಿಸಿ ನಿವೃತ್ತರಾದ ಅವರು ನಿಜಲಿಂಗಪ್ಪ ಬಡಾವಣೆಯಲ್ಲಿ ಒಬ್ಬರೇ ಇದ್ದರು. ನಾನೂ ಒಂಟಿ. ಹತ್ತಿ ಗಿರಣಿಯ ಕೆಲಸ ನಿಂತ ಮೇಲೆ ಗ್ರಂಥಾಲಯವೇ ನನ್ನ ಪಾಳಿಯಾಗಿತ್ತು. ಅಚ್ಚಾದದ್ದೆಲ್ಲ ನಿಜವಲ್ಲ ಎಂಬ ನನ್ನ ಹಟಕ್ಕೆ ಕಿವಿಗೊಟ್ಟವರು ಅವರೊಬ್ಬರೇ.

ಊರಿನ ಮೂಡಣದ ಗುಡ್ಡಸಾಲಿನ ಅಂಚಿನಲ್ಲಿ ಭೂಮಿಯ ದೊಡ್ಡ ಬಿರುಕೊಂದು ಹಾದುಹೋಗಿದೆ. ಅದರ ಎರಡು ಬದಿಯ ನೆಲ ಮೇಲೆ ಕೆಳಗೆ ಜಾರದೆ, ಒಂದನ್ನೊಂದು ಉಜ್ಜಿಕೊಂಡು ಪಕ್ಕಕ್ಕೆ ಸರಿದಿದೆ. ಎಷ್ಟು ಸರಿಯಿತು, ಯಾವ ಕಾಲದಲ್ಲಿ ಸರಿಯಿತು ಎಂಬುದೇ ಅವರ ಚಿಂತೆ. ಭಾನುವಾರಗಳಲ್ಲಿ ಅವರ ಸ್ಕೂಟರಿನ ಹಿಂದೆ ಅಳತೆಯ ಟೇಪು ಹಿಡಿದು ನಾನು ಕೂರುತ್ತಿದ್ದೆ.

"ಬಿರುಕಿಗೆ ಜಾತಕ ಇರಲ್ರೀ. ಅದು ಯಾರನ್ನ ಕಡಿದೈತೆ, ಅದನ್ನ ಯಾರು ಹೊಲಿದಾರೆ, ಅಷ್ಟು ನೋಡ್ರಿ" ಎನ್ನುತ್ತಿದ್ದರು. ಬಿರುಕು ತುಂಡರಿಸಿದ ಬಿಳಿಗಲ್ಲಿನ ಎಳೆ ಬಿರುಕಿಗಿಂತ ಹಿರಿಯದು; ಅದನ್ನು ದಾಟಿಯೂ ತುಂಡಾಗದ ಎಳೆ ಕಿರಿಯದು; ಬಿರುಕಿನ ವಯಸ್ಸು ಇವೆರಡರ ನಡುವೆ. ತುಂಡಾದ ಎಳೆಯ ತುದಿಗಳ ಅಂತರವೇ ನೆಲ ಸರಿದ ದೂರ. ಈಚೆ ನಿಂತು ನೋಡಿದರೆ ಆಚೆಯ ನೆಲ ಎಡಕ್ಕೆ ಸರಿದಿದೆ ಎಂದು ಪುಸ್ತಕಗಳೂ ಅವರ ಟಿಪ್ಪಣಿಗಳಲ್ಲಿನ ಬಾಣದ ಗುರುತುಗಳೂ ಹೇಳುತ್ತಿದ್ದವು. ನನಗೆ ನಂಬಿಕೆಯಿರಲಿಲ್ಲ.

ಮಂಡಿನೋವಿನಿಂದಾಗಿ, ಅಳೆಯಲು ಉಳಿದಿದ್ದ ಕೊನೆಯ ಗುಡ್ಡಕ್ಕೆ ಅವರು ನನ್ನೊಬ್ಬನನ್ನೇ ಕಳುಹಿಸಿದರು. ಅಲ್ಲಿ ಮಣ್ಣಿನಲ್ಲಿ ಅರ್ಧ ಹೂತಿದ್ದ ಬಂಡೆಯ ಮೇಲೆ ಎಳೆ ಬಲಕ್ಕೆ ಸರಿದಿತ್ತು!

"ನಿಮ್ ಪುಸ್ತಕ ಸುಳ್ಳಾತಲ್ರೀ ಮೇಷ್ಟ್ರೇ" ಎಂದೆ, ಗೆದ್ದವನಂತೆ. ಈ ಬಿರುಕಿನ ಬಗ್ಗೆ ಕಾಲೇಜಿನ ಸಭೆಯಲ್ಲಿ ಓದಬೇಕಿದ್ದ ಪ್ರಬಂಧವನ್ನು ಅವರು ಮರುದಿನವೇ ಹಿಂದಕ್ಕೆ ಪಡೆದರು.

ವಾರದ ನಂತರ ಹರಿಹರದಲ್ಲಿ, ಅದೇ ಗುಡ್ಡದಿಂದ ಕಲ್ಲು ತರುತ್ತಿದ್ದ ಕಲ್ಲುಕೆಲಸದ ಸಾಹೇಬರ ಮುಂದೆ ಈ ಸಂಗತಿಯನ್ನು ಜಂಬದಿಂದ ಹೇಳಿದೆ. ಅವರು ಉಳಿ ಕೆಳಗಿಟ್ಟು ನಕ್ಕರು.

"ಅದು ನಾವೇ ಸೀಳಿ ಮಗುಚಿ ಹಾಕಿದ್ದ ಚಪ್ಪಡಿ, ಯಜಮಾನ್ರೇ. ಇಷ್ಟು ಓದೀರಿ, ಕಲ್ಲಿನ ಹೊಟ್ಟೆ ಯಾವ್ದು ಬೆನ್ನು ಯಾವ್ದು ಗೊತ್ತಾಗ್ಲಿಲ್ಲೇನ್ರೀ?"

ಕಾಗದವನ್ನು ಮಗುಚಿ ಬೆಳಕಿಗೆ ಹಿಡಿದರೆ ಎಡದ್ದು ಬಲಕ್ಕೆ ಕಾಣುವುದಿಲ್ಲವೇ, ಹಾಗೆ. ಮೇಷ್ಟ್ರ ಮಾತೇ ಸರಿಯಾಗಿತ್ತು.

ಅಂದೇ ಹೇಳಬೇಕಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಂಡೆ... ಅಷ್ಟರಲ್ಲಿ ಅವರು ಮನೆ ಖಾಲಿ ಮಾಡಿ ಮೈಸೂರಿನ ತಂಗಿಯ ಮನೆಗೆ ಹೊರಟರು. ಹೇಳಲೆಂದೇ ರೈಲು ನಿಲ್ದಾಣಕ್ಕೆ ಹೋದೆ. ಕಿಟಕಿಯಿಂದ ಅವರು ತಮ್ಮ ಟಿಪ್ಪಣಿ ಪುಸ್ತಕವನ್ನು ನನ್ನ ಕೈಗಿತ್ತರು.

"ನಿಮ್ಮತ್ರಾನೇ ಇರ್ಲಿ. ಈ ಕಾಲು ಇನ್ನ ಗುಡ್ಡ ಹತ್ತಲ್ಲ. ನೀವು ಕಣ್ಣಾರೆ ಕಂಡೀರಿ, ನೀವೇ ಮುಗಿಸ್ರಿ."

ಬಾಯಿ ತೆರೆದೆ. "ಹುಷಾರಾಗಿ ಹೋಗ್ಬರ್ರಿ" ಎಂದಷ್ಟೇ ಹೊರಬಂತು.

ವರ್ಷ ತುಂಬುವ ಮೊದಲೇ ಅವರು ತೀರಿಕೊಂಡ ಸುದ್ದಿ ಅಂಚೆಯಲ್ಲಿ ಬಂತು.

ಮೊನ್ನೆ ಮನೆಗೆ ಬಂದವನು, ಇಷ್ಟು ವರ್ಷ ತೆರೆಯದೇ ಇಟ್ಟಿದ್ದ ಆ ಪುಸ್ತಕ ತೆರೆದೆ. ತಾವು ಎಡಕ್ಕೆ ಬರೆದಿದ್ದ ಒಂದೊಂದು ಬಾಣದ ಪಕ್ಕದಲ್ಲೂ ಅವರು ಪೆನ್ಸಿಲಿನಿಂದ ಪುಟ್ಟ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಕೊನೆಯ ಪುಟದಲ್ಲಿ, ನಾನು ಹೇಳಿದ ಬಾಣವನ್ನು ಮಾತ್ರ ಶಾಯಿಯಲ್ಲಿ ಬಲಕ್ಕೆ ಬರೆದು, ಅದರ ಕೆಳಗೆ ನನ್ನ ಹೆಸರು ಬರೆದಿದ್ದಾರೆ. ಆ ಪ್ರಶ್ನಾರ್ಥಕ ಚಿಹ್ನೆಗಳನ್ನೆಲ್ಲ ರಬ್ಬರಿನಿಂದ ಅಳಿಸುತ್ತ ಕುಳಿತೆ. ಶಾಯಿಯದ್ದು ಅಳಿಯಲಿಲ್ಲ. "ತಪ್ಪು ನನ್ನದು, ಮೇಷ್ಟ್ರೇ" ಎಂದು ಅದರ ಪಕ್ಕದಲ್ಲಿ ಬರೆದೆ. ಓದುವವರು ಇಲ್ಲ.