ಹಳದಿ ಪರದೆ ಕಟ್ಟಿದ ವಾರ

ಕಿಟಕಿಗೆ ಪರದೆ ಬೇಕು ಎಂಬ ಸಂಗತಿ ಗಂಡಸಿಗೆ ಮದುವೆಯಾಗುವವರೆಗೂ ಹೊಳೆಯುವುದಿಲ್ಲ. ನಂಬಿಕೆಯಿಲ್ಲದಿದ್ದರೆ ಯಾವನಾದರೂ ಬ್ರಹ್ಮಚಾರಿಯ ಕೋಣೆಗೆ ಒಮ್ಮೆ ಹೋಗಿ ನೋಡಿ. ಕಿಟಕಿಗೆ ಹಳೆಯ ವೃತ್ತಪತ್ರಿಕೆ ಅಂಟಿಕೊಂಡಿರುತ್ತದೆ, ಇಲ್ಲವೇ ಒಣಗಲು ಹಾಕಿದ ಪಂಚೆಯೇ ಪರದೆಯ ಪದವಿಗೆ ಬಡ್ತಿ ಪಡೆದಿರುತ್ತದೆ. ನಾನೂ ಇಪ್ಪತ್ತೊಂಬತ್ತು ವರ್ಷ ಕಿಟಕಿಯಿರುವುದು ಗಾಳಿ ಬರುವುದಕ್ಕೆ ಮತ್ತು ಬೆಕ್ಕು ಹೋಗುವುದಕ್ಕೆ ಎಂದು ತಿಳಿದು ನಿಶ್ಚಿಂತನಾಗಿದ್ದವನು. ಆ ಅಜ್ಞಾನದಲ್ಲಿ ಎಷ್ಟು ಸುಖವಿತ್ತು ಎಂಬುದು ಜ್ಞಾನೋದಯವಾದ ಮೇಲೆ ತಿಳಿಯಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಶ್ರೀನಿವಾಸಪುರದಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತ ಐದು ಮನೆಗಳ ಸಾಲಿನಲ್ಲಿ ನಡುವಿನದು ನಮ್ಮದು. ನಾನು ದಿನವೂ ಮುಳಬಾಗಿಲಿನ ಬಸ್ಸು ಹಿಡಿದು ಅಲ್ಲಿನ ಕಚೇರಿಯೊಂದರಲ್ಲಿ ಗುಮಾಸ್ತಗಿರಿ ಮಾಡಿ ಸಂಜೆಗೆ ಮರಳುತ್ತಿದ್ದೆ. ಮನೆಯಲ್ಲಿ ಅಮ್ಮ ಮತ್ತು ಆರು ತಿಂಗಳ ಹಿಂದೆ ಕೈಹಿಡಿದ ವಿಮಲಾ. ಅಮ್ಮನಿಗೆ ಮಂಡಿನೋವು. ಹೊಸ್ತಿಲು ದಾಟುವುದೇ ಪ್ರಯಾಸವಾದ್ದರಿಂದ ಬೀದಿಕಿಟಕಿಯ ಪಕ್ಕದ ಬೆಂಚನ್ನೇ ತನ್ನ ಸಾಮ್ರಾಜ್ಯ ಮಾಡಿಕೊಂಡಿದ್ದಳು. ರಾಯಲ್ಪಾಡಿನಲ್ಲಿ ಹುಟ್ಟಿದ ಅವಳಿಗೆ ಮನೆಯೊಳಗೆ ಕನ್ನಡ, ಕಿಟಕಿಯಲ್ಲಿ ತೆಲುಗು. ಬೀದಿಯಲ್ಲಿ ಹೋಗುವವರೆಲ್ಲ ಆ ಸರಳುಗಳ ಮುಂದೆ ಒಂದು ಗಳಿಗೆ ನಿಂತು, ಮಾವಿನ ಫಸಲಿನಿಂದ ಹಿಡಿದು ಮಗಳ ಬಾಣಂತನದವರೆಗೆ ಸಮಸ್ತ ವರದಿಯನ್ನೂ ಒಪ್ಪಿಸಿಯೇ ಮುಂದಕ್ಕೆ ಹೋಗಬೇಕು. ಬಲಮಗ್ಗುಲಿನ ಮನೆಯ ಚಿನ್ನಕ್ಕನಂತೂ ದಿನಕ್ಕೆ ನಾಲ್ಕು ಸಲ ಹಾಜರು.

ವಿಮಲಾ ಬೆಳೆದದ್ದು ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಬಚ್ಚಲಿನ ಗವಾಕ್ಷಿಗೂ ಪರದೆಯಿತ್ತಂತೆ. ನಮ್ಮ ಮನೆಯೋ ಬೀದಿಯಿಂದ ಅಡುಗೆಮನೆಯ ಒಲೆಯವರೆಗೂ ಪಾರದರ್ಶಕ. "ನಾನು ಎರಡನೇ ಸಲ ಅನ್ನ ಬಡಿಸ್ಕೊಂಡ್ರೂ ಬೀದೀಗೆಲ್ಲ ಗೊತ್ತಾಗತ್ತೆ ಕಣ್ರೀ" ಎಂದು ಅವಳು ಒಂದು ದಿನ ಕಣ್ಣಲ್ಲಿ ನೀರು ತಂದುಕೊಂಡಳು. ಅದು ಸುಳ್ಳಲ್ಲ. ಆ ಮಧ್ಯಾಹ್ನವೇ ಚಿನ್ನಕ್ಕ ಕಿಟಕಿಯಿಂದ "ಸೊಸೆ ಚೆನ್ನಾಗಿ ಉಣ್ತವ್ಳೆ, ಏನಾದ್ರೂ ವಿಶೇಷಾನಾ?" ಎಂದು ಕೇಳಿಹೋಗಿದ್ದಳು.

ಪರದೆಯ ಪ್ರಸ್ತಾಪ ಬಂದಾಗ ಅಮ್ಮ, "ಹಾಕ್ಕೊಳ್ಲಿ ಬಿಡೋ, ಅವಳ ಮನೇನೂ ಅಲ್ವಾ" ಎಂದಳು. ಔದಾರ್ಯದ ಮಾತೇ. ಆದರೆ ಹಾಗೆಂದವಳು ಆ ದಿನವೆಲ್ಲ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಹೆಂಡತಿಗೆ ಮರೆ ಬೇಕು, ಅಮ್ಮನಿಗೆ ಬೀದಿ ಬೇಕು, ಇರುವುದು ಒಂದೇ ಕಿಟಕಿ. ಅತ್ತ ದರಿ ಇತ್ತ ಪುಲಿ ಎಂದರೆ ಇದೇ ಎಂದುಕೊಂಡು ನಾನು ಒಂದು ತಿಂಗಳು ಅಳತೆಯ ಟೇಪು ಹುಡುಕುವ ನೆಪದಲ್ಲಿ ಕಳೆದೆ. ಕೊನೆಗೆ ವಿಮಲಾ ತನ್ನ ಸೀರೆಯ ಸೆರಗಿನಲ್ಲೇ ಅಳತೆ ತೆಗೆದು ಗಂಟು ಹಾಕಿ ತೋರಿಸಿದಳು. ನೆಪ ಮುಗಿಯಿತು.

ಬಟ್ಟೆ ತರಲು ತಾನೂ ಕೋಲಾರಕ್ಕೆ ಬರುತ್ತೇನೆಂದಳು. ಬೇಡವೆಂದೆ. ವರ್ಣವಿವೇಕದಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲಿಲ್ಲ ಎಂಬ ದೃಢವಾದ ಭ್ರಮೆ ನನಗಿತ್ತು. ಅಂಗಡಿಯವರು ಒಂದೊಂದೇ ಥಾನನ್ನು ಬಿಚ್ಚಿ ಹರವಿದಂತೆಲ್ಲ ನನ್ನ ವಿವೇಕ ಕರಗುತ್ತ ಬಂತು. ನೀಲಿ ಕಂಡಾಗ ನೀಲಿಯೇ ಸರಿಯೆನ್ನಿಸಿತು, ಕೆಂಪು ಕಂಡಾಗ ನೀಲಿ ನೀರಸವಾಯಿತು. ನನ್ನ ದಿಗ್ಭ್ರಾಂತಿ ಕಂಡ ಅವರು ಕೊನೆಗೆ ಒಂದು ಬಟ್ಟೆಯನ್ನು ತಮ್ಮ ಹೆಗಲ ಮೇಲೆಯೇ ಇಳಿಬಿಟ್ಟುಕೊಂಡು ನಿಂತರು. "ನೋಡಿ ಸಾರ್, ಹೊಸಾ ಡಿಜೈನು. ಬೆಂಗಳೂರಿಗೂ ಇನ್ನೂ ಬಂದಿಲ್ಲ." ಅಚ್ಚ ಅರಿಶಿನದ ಹಳದಿ, ಅದರ ಮೇಲೆ ಗೊಂಚಲು ಗೊಂಚಲಾಗಿ ಇಳಿಬಿದ್ದ ನೀಳವಾದ ಹಸಿರೆಲೆಗಳು. ಬೇಸಗೆಗೆ ತಂಪು, ಮನೆಗೆ ಮಂಗಳ! ನಾನು ಮರುಮಾತಾಡದೆ ಕೊಂಡೆ. ಬೆಂಗಳೂರಿಗೆ ಅದು ಏಕೆ ಬಂದಿಲ್ಲವೆಂದು ಕೇಳುವ ಬುದ್ಧಿ ಬರಲಿಲ್ಲ.

ಹೊಲಿಸಿ, ಸ್ಪ್ರಿಂಗಿನ ತಂತಿಗೆ ಪೋಣಿಸಿ, ಒಂದು ಭಾನುವಾರ ನಾನೇ ಕಟ್ಟಿದೆ. ಬಟ್ಟೆಯ ಬಣ್ಣವೆಲ್ಲ ಒಂದೇ ಮುಖಕ್ಕಿತ್ತು; ಹಿಂಬದಿ ಬಿಳಿಚಿಕೊಂಡಿತ್ತು. ಒಳಗಿರುವವರು ಹೇಗೂ ನಮ್ಮವರು, ಅಂದ ಕಾಣಬೇಕಾದದ್ದು ಬೀದಿಗೆ ಎಂದು ತೀರ್ಮಾನಿಸಿ ಬಣ್ಣದ ಮುಖವನ್ನು ಹೊರಕ್ಕೆ ಮಾಡಿದೆ. ಜಂಭಕ್ಕೆ ಯಾವಾಗಲೂ ಮುಖ ಹೊರಗೇ ಇರುತ್ತದೆ.

ಪರಿಣಾಮ ನಾನು ನಿರೀಕ್ಷಿಸಿದ್ದಕ್ಕಿಂತ ಅದ್ಭುತವಾಗಿತ್ತು. ಮರುದಿನದಿಂದಲೇ ಕಿಟಕಿಯ ಬಳಿ ಯಾರೂ ನಿಲ್ಲಲಿಲ್ಲ. ಮೊಸರಿನವಳು ಕೂಗದೆ ಚೆಂಬನ್ನು ಜಗಲಿಯ ಮೇಲಿಟ್ಟು ಹೋದಳು. ಅಂಚೆಯವನು ಕಾಗದವನ್ನು ಮೆಟ್ಟಿಲಿಂದಲೇ ಒಳಕ್ಕೆ ಜಾರಿಸಿದ. ನಾನು ಬಸ್ಸಿಗೆ ಹೊರಟರೆ ಎದುರಾದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಬ್ಬ ಮುದುಕರಂತೂ ನಮ್ಮ ಮನೆಯ ಕಡೆ ತಿರುಗಿ ಚಪ್ಪಲಿ ಬಿಟ್ಟು ಕೈಮುಗಿದದ್ದನ್ನು ಕಣ್ಣಾರೆ ಕಂಡೆ. ಮೂರು ಗಜ ಬಟ್ಟೆಯಿಂದ ಇಷ್ಟು ಗೌರವ ಸಿಗುವುದಾದರೆ ಅಡುಗೆಮನೆಗೂ ಒಂದು ತರಬಹುದಿತ್ತು ಎಂದುಕೊಂಡೆ. "ನೋಡಿದ್ರಾ? ಜನಕ್ಕೆ ಹೇಳೋದೇ ಬೇಡ, ಪರದೆ ಇದ್ರೆ ಸಾಕು" ಎಂದು ವಿಮಲಾ ಹಿಗ್ಗಿದಳು. ಅವಳಿಗೆ ನೀರು ಹಿತ್ತಲ ಬಾವಿಯಲ್ಲೇ ಸಿಗುತ್ತಿದ್ದುದರಿಂದ ಬೀದಿಗೆ ಇಳಿಯುವ ಕಾರಣವೇ ಇರಲಿಲ್ಲ.

ಅಮ್ಮ ಮಾತ್ರ ದಿನದಿನಕ್ಕೆ ಕುಗ್ಗಿದಳು. ಮಂಜುಗಣ್ಣಿನ ಮುಂದೆ ಬಿಳಿಚಿಕೊಂಡ ಬಟ್ಟೆಯೊಂದೇ. ಅದನ್ನು ಸರಿಸಿದರೆ ಸೊಸೆ ಏನೆಂದುಕೊಂಡಾಳೋ ಎಂದು ಸರಿಸಲಿಲ್ಲ. ಹೆಜ್ಜೆಯ ಸದ್ದಿನಲ್ಲೇ ಇಂಥವರೆಂದು ಗುರುತು ಹಿಡಿದು ಅವಳು "ಏಮ್ಮಾ ಚಿನ್ನಕ್ಕಾ" ಎಂದು ಕರೆದರೆ ಆ ಹೆಜ್ಜೆಗಳು ತಡೆದು, ಉತ್ತರ ಕೊಡದೆ ಹೊರಟುಹೋಗುತ್ತಿದ್ದವು. ಆರನೆಯ ದಿನ ನಾನು ಬರುವ ಹೊತ್ತಿಗೆ ಎರಡು ಸೀರೆ ಗಂಟು ಕಟ್ಟಿಟ್ಟಿದ್ದಳು.

"ನನ್ನ ರಾಯಲ್ಪಾಡಿಗೆ ಬಿಟ್ಟುಬಾರೋ, ತಮ್ಮನ ಮನೇಲಿ ಇರ್ತೀನಿ. ಇಲ್ಲಿ ನನ್ನ ಯಾರೂ ಮಾತಾಡ್ಸಲ್ಲ. ನಮ್ಮತ್ತೇನ ಮಾತಾಡಿಸ್ಬೇಡಿ ಅಂತ ಯಾರು ಹೇಳಿದ್ರೋ ಏನೋ."

ವಿಮಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆ ಮಾತಿನ ಮೊನೆ ತನ್ನತ್ತಲೇ ಎಂದು ಅವಳಿಗೆ ತಿಳಿಯಿತು. ಅವಳ ಮುಖ ಸಣ್ಣದಾಯಿತು. ನನಗೆ ಇಬ್ಬರ ಮುಖವನ್ನೂ ನೋಡಲಾಗಲಿಲ್ಲ. ಅಮ್ಮನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಆ ಮನೆಯಲ್ಲಿ ಅನ್ನ ಇಳಿದೀತೇ? "ಭಾನುವಾರ ಕಳೀಲಿ ಅಮ್ಮಾ" ಎಂದು ವಾಯಿದೆ ಕೇಳಿದೆ.

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಬಳೆಯ ಸದ್ದಾಯಿತು. ಚಿನ್ನಕ್ಕ, ಅವಳ ಹಿಂದೆ ಸಾಲುಮನೆಗಳ ಇನ್ನೂ ಮೂವರು. ತಲೆಗೆ ಸ್ನಾನ ಮಾಡಿ, ಒದ್ದೆಕೂದಲಲ್ಲಿ, ಮೊಸರನ್ನದ ತಪ್ಪಲೆ ಮತ್ತು ತಂಬಿಟ್ಟು ಹಿಡಿದು, ಹೊಸ್ತಿಲ ಆಚೆಯೇ ನಿಂತಿದ್ದರು. ಚಿನ್ನಕ್ಕ ಅದುವರೆಗೆ ನಾನು ಕೇಳಿರದಷ್ಟು ಮೆಲ್ಲನೆಯ ದನಿಯಲ್ಲಿ, "ಏಳು ದಿನ ಆಯ್ತಲ್ಲಪ್ಪಾ. ಒಳಗೆ ಎಲ್ಲಾ ಹೆಂಗವ್ರೆ? ಅಮ್ಮ ಇಳಿದ್ಳಾ?" ಎಂದಳು.

ನಮ್ಮ ಸೀಮೆಯಲ್ಲಿ ಮೈಮೇಲೆ ಗುಳ್ಳೆಯೇಳುವ ಆ ಬೇಸಗೆಯ ಕಾಯಿಲೆಯನ್ನು ಯಾರೂ ಕಾಯಿಲೆಯೆನ್ನುವುದಿಲ್ಲ. ಮನೆಗೆ ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಬಾಗಿಲಿಗೆ ಅರಿಶಿನದ ಬಟ್ಟೆ, ಬೇವಿನ ಸೊಪ್ಪು ಕಟ್ಟುತ್ತಾರೆ. ಅದು ಕಂಡ ಮೇಲೆ ಆ ಮನೆಗೆ ಯಾರೂ ಹೋಗಕೂಡದು, ಅಲ್ಲಿಯವರನ್ನು ಮಾತಾಡಿಸಕೂಡದು, ಯಾರಿಗೆ ಬಂದಿದೆಯೆಂದು ಕೇಳಲೂಕೂಡದು. ನಾನು ಕೋಲಾರದಿಂದ ಹೊತ್ತು ತಂದದ್ದು ಬೆಂಗಳೂರಿಗೂ ಬಾರದ ಡಿಜೈನನ್ನಲ್ಲ, ಸಾಕ್ಷಾತ್ ಮಾರಿಯಮ್ಮನ ತೋರಣವನ್ನು!

ವಿಮಲಾ ಹಾಲಿನಂಥ ಮುಖ ಹೊತ್ತು ಹೊರಗೆ ಬಂದು ನಿಂತಳು. ನಾಲ್ವರೂ ಅವಳ ಕೆನ್ನೆ, ಕತ್ತು, ತೋಳು ಪರಿಶೀಲಿಸಿದರು. ಒಳಗಿನಿಂದ ಅಮ್ಮ ಸಂಗತಿಯೇನೆಂದು ಕೇಳಿ ತಿಳಿದವಳೇ ಪರದೆಯ ಅಂಚನ್ನು ಮಗುಚಿ ಹೊರಮುಖವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಮರುಕ್ಷಣ ನಗತೊಡಗಿದಳು. "ಲೇ ಮೂದೇವಿ, ಬೇವಿನ ಸೊಪ್ಪು ಕಣೋ ಇದು!" ಅವಳ ನಗು ಬೀದಿಯ ತುದಿಯವರೆಗೂ ಹೋಗಿರಬೇಕು.

ನಗು ಇಳಿದ ಮೇಲೆ ವಿಮಲಾ ತಡೆದು ತಡೆದು ಕೇಳಿದಳು: "ಅಮ್ಮ ಬಂದಿರೋ ಮನೇಲಿ ಒಗ್ಗರಣೆ ಹಾಕಬಾರದು ಅಲ್ವಾ ಅಕ್ಕಾ? ನಾನು ದಿನಾ ಹಾಕ್ತಿದ್ದೆನಲ್ಲ. ನಿಮಗೆ ವಾಸನೆ ಬರ್ಲಿಲ್ವಾ?"

"ಬರ್ದೆ ಇರ್ತದಾ? ಎದೆ ಡವಡವ ಅಂತಿತ್ತು" ಎಂದಳು ಚಿನ್ನಕ್ಕ. "ಗಣಿ ಕಡೆ ಹುಡುಗಿ, ಪಾಪ, ತಿಳೀದು, ತಾಯಿ ಮುನಿಸ್ಕೊಂಡ್ರೆ ಏನ್ಮಾಡೋದು ಅಂತ, ನಿನ್ನ ಬದ್ಲು ನಾವು ನಾಕು ಮನೆಯೋರೂ ಒಗ್ಗರಣೆ ಬಿಟ್ಬಿಟ್ವಿ. ಒಂದು ವಾರದಿಂದ ಸಪ್ಪೆಸಾರೇ ಕಣಮ್ಮಾ."

ವಿಮಲಾ ಆ ಮೊಸರನ್ನದ ತಪ್ಪಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಅಳತೊಡಗಿದಳು. ಅವಳು ಯಾರ ಕಣ್ಣಿಂದ ಮರೆಯಾಗಲು ಬಟ್ಟೆ ತರಿಸಿದ್ದಳೋ ಅವರು ಅವಳಿಗಾಗಿ ವಾರವಿಡೀ ಬಾಯಿ ಕಟ್ಟಿ ಕೂತಿದ್ದರು. ಬೀದಿ ಗೌರವಿಸುತ್ತಿದೆಯೆಂದು ಬೀಗುತ್ತಿದ್ದ ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು.

ಪರದೆಯನ್ನು ಬಿಚ್ಚಿ ಎಂದು ವಿಮಲಾ ಹೇಳಿದಳು. ಊಟದ ಹೊತ್ತಿಗೆ ಎಳೆದುಕೊಂಡರಾಯಿತು, ಇರಲಿ ಬಿಡೇ ಎಂದು ಅಮ್ಮ ಹೇಳಿದಳು. ಅತ್ತೆಸೊಸೆಯರು ಮೊದಲ ಬಾರಿಗೆ ಒಬ್ಬರ ಪರವಾಗಿ ಇನ್ನೊಬ್ಬರು ವಾದಿಸುವುದನ್ನು ಕೇಳುತ್ತ ನಾನು ಸುಮ್ಮನೆ ಸ್ಟೂಲಿನ ಮೇಲೆ ಹತ್ತಿ, ಬಟ್ಟೆಯನ್ನು ತಿರುಗಿಸಿ, ಬಣ್ಣದ ಮುಖವನ್ನು ಮನೆಯೊಳಕ್ಕೆ ಮಾಡಿದೆ.

ಸಂಜೆ ವಿಮಲಾ ಒಲೆಯ ಮೇಲೆ ಎಣ್ಣೆಯ ಸೌಟು ಕಾಯಿಸುತ್ತ, ಸಾಸಿವೆಯನ್ನು ಬೆರಳಲ್ಲಿ ಹಿಡಿದು ಸುಮ್ಮನೆ ನಿಂತಿದ್ದಳು. ಏಕೆಂದು ಕೇಳಿದೆ. ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದಳು. ಬಲಗೋಡೆಯಾಚೆ ಚಿನ್ನಕ್ಕನ ಮನೆಯಲ್ಲಿ ಸಾಸಿವೆ ಚಟಪಟ ಸಿಡಿಯಿತು. ಅದರಾಚೆಯ ಮನೆಯಲ್ಲೊಮ್ಮೆ, ಆಮೇಲೆ ಎಡಗೋಡೆಯಾಚೆ. "ಇನ್ನೊಂದು ಬರ್ಬೇಕು" ಎಂದು ಬೆಂಚಿನಿಂದ ಅಮ್ಮ ಹೇಳಿದಳು. ಸ್ವಲ್ಪ ಹೊತ್ತಿಗೆ ಕೊನೆಯ ಮನೆಯ ಇಂಗಿನ ಘಮ ತೇಲಿಬಂತು. ಆಗ ವಿಮಲಾ ನಮ್ಮ ಸೌಟಿಗೆ ಸಾಸಿವೆ ಹಾಕಿದಳು.